ಪಡುಮಲೆಯ ಹಾಡು ಕಾಗದಕ್ಕೆ ಇಳಿದ ಬಗೆ

ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಹುಟ್ಟಿ, ಸುಳ್ಯ ತಾಲೂಕಿನ ಪಂಜದಲ್ಲಿ ಸೆರೆಮನೆ ಕಂಡು, ಕಡಬ ತಾಲೂಕಿನ ಎಣ್ಮೂರಿನಲ್ಲಿ ಕೊನೆಗಾಣುವ ಕಾವ್ಯವೊಂದಿದೆ. ಅದು ತುಳುವಿನ ಕಥನಗೀತ, ಕೋಟಿ ಚೆನ್ನಯರ ಪಾಡ್ದನ. ತಾಲೂಕುಗಳ ಗಡಿ ಸರಕಾರ ಎಳೆದದ್ದು. ಕಡಬವಂತೂ ಮೊನ್ನೆ ಮೊನ್ನೆ ತಾಲೂಕಾಯಿತು. 19ನೇ ಶತಮಾನದ ದಾಖಲೆಗಳಲ್ಲಿ ಈ ನಾಡನ್ನು ಹುಡುಕುವವರು ಉಪ್ಪಿನಂಗಡಿ ತಾಲೂಕು ಎಂಬ ಹೆಸರಿನಡಿ ಹುಡುಕಬೇಕು. ಪಾಡ್ದನಕ್ಕೆ ಆ ಗಡಿಗಳ ಹಂಗಿಲ್ಲ. ಅದಕ್ಕೆ ಗೊತ್ತಿರುವುದು ಬೀಡು, ಗದ್ದೆ, ಸುಂಕದ ಕಟ್ಟೆ, ಕಾಡು ಮತ್ತು ಗರಡಿ.

ಈ ಸೀಮೆಯ 19ನೇ ಶತಮಾನದ ಕೈಬರಹದ ಕಾವ್ಯ ಇಂದು ಎಲ್ಲಿ ಉಳಿದಿದೆ ಎಂದು ಕೇಳಿದರೆ ಮೂರು ದಿಕ್ಕಿಗೆ ನೋಡಬೇಕಾಗುತ್ತದೆ. ಮನೆ-ಮಠಗಳ ತಾಳೆಗರಿಯ ಕಟ್ಟುಗಳು ಒಂದು. ಭಾಗವತರು ತಮ್ಮ ಉಪಯೋಗಕ್ಕೆಂದು ನಕಲು ಮಾಡಿಕೊಂಡ ಯಕ್ಷಗಾನ ಪ್ರಸಂಗಗಳು ಇನ್ನೊಂದು. ಮೂರನೆಯದು ಮಂಗಳೂರಿನ ಮಿಶನ್ ಮತ್ತು ಕಂಪೆನಿ-ಸರಕಾರದ ಅಧಿಕಾರಿಗಳ ಕಾಗದಪತ್ರ. ಅತಿ ದೂರ ಪ್ರಯಾಣ ಮಾಡಿದ್ದು ಈ ಮೂರನೆಯದು. ಹುಟ್ಟಿದ ಊರಿನಲ್ಲಿ ಅತಿ ಕಡಿಮೆ ಪರಿಚಯ ಇರುವುದೂ ಇದೇ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಕಥೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಬೇಟೆಗೆ ಹೋದ ಪಡುಮಲೆಯ ಬಲ್ಲಾಳರ ಕಾಲಿಗೆ ಮುಳ್ಳು ಚುಚ್ಚಿ ಗಾಯ ಮಾಯದಾಗ ಮದ್ದು ಕೊಟ್ಟು ಬದುಕಿಸಿದವಳು ದೇಯಿ ಬೈದೆತಿ. ಆಕೆಯ ಅವಳಿ ಮಕ್ಕಳು ಕೋಟಿ ಮತ್ತು ಚೆನ್ನಯ. ಗದ್ದೆಗೆ ನೀರು ಬಿಡುವ ಜಗಳದಲ್ಲಿ ಬಲ್ಲಾಳರ ಮಂತ್ರಿ ಬುದ್ಯಂತನ ಪ್ರಾಣ ಹೋಗುತ್ತದೆ. ತಾಯಿಗೆ ಕೊಟ್ಟ ಮಾತನ್ನು ಬಲ್ಲಾಳರು ನಡೆಸದೆ ಹೋದಾಗ ಅಣ್ಣತಮ್ಮಂದಿರು ಪಡುಮಲೆ ಬಿಡುತ್ತಾರೆ. ದಾರಿಯಲ್ಲಿ ಸುಂಕದ ದೇರೆಯ ಎದುರು ನಿಲ್ಲುತ್ತಾರೆ. ಪಂಜದಲ್ಲಿ ಅಕ್ಕ ಕಿನ್ನಿದಾರುವಿನ ಮನೆ ಸಿಗುತ್ತದೆ, ಅದರ ಬೆನ್ನಿಗೇ ಅಲ್ಲಿನ ಮಂತ್ರಿ ಚಂದುಗಿಡಿಯ ಕುತಂತ್ರವೂ ಕೇಮರ ಬಲ್ಲಾಳರ ಸೆರೆಯೂ. ಅಲ್ಲಿಂದ ತಪ್ಪಿಸಿಕೊಂಡು ಎಣ್ಮೂರಿನ ದೇವಬಲ್ಲಾಳರ ಆಶ್ರಯಕ್ಕೆ ಬಂದರೆ ಹಂದಿ ಬೇಟೆಯ ತಕರಾರು ಯುದ್ಧಕ್ಕೆ ತಿರುಗುತ್ತದೆ. ಹುಟ್ಟೂರಿನ ಬಲ್ಲಾಳರೇ ಬಿಟ್ಟ ಬಾಣ ಕೋಟಿಗೆ ತಾಗುತ್ತದೆ. ಅಣ್ಣನಿಲ್ಲದ ಬದುಕು ಬೇಡವೆಂದು ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಾನೆ.

ನೇಜಿ (ಭತ್ತದ ಸಸಿ) ನೆಡುವ ಹೆಂಗಸರ ಬಾಯಲ್ಲಿ ಒಬ್ಬಳು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಡಾಗಿ, ಗರಡಿಯ ನೇಮದ ರಾತ್ರಿ ದೈವ ಕಟ್ಟುವ ಪಂಬದರ ಬಾಯಲ್ಲಿ ದೈವದ ಚರಿತ್ರೆಯಾಗಿ ಇದು ತಲೆಮಾರುಗಳಿಂದ ನಡೆದುಬಂದಿದೆ. ಇದನ್ನು ಬರೆದಿಟ್ಟುಕೊಳ್ಳುವ ಅಗತ್ಯ ಹಾಡುವವರಿಗೆ ಇರಲಿಲ್ಲ. ಬರೆದವರು ಹೊರಗಿನಿಂದ ಬಂದರು.

1834 ಈ ಸೀಮೆಗೆ ಎರಡು ಕಾರಣಕ್ಕೆ ದೊಡ್ಡ ವರ್ಷ. ಆ ವರ್ಷ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ರಾಜ್ಯ ಕಂಪೆನಿಯ ವಶವಾಯಿತು. ಅವನ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರಿನ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿನಲ್ಲಿ ಬಂದಿಳಿದರು. ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂಬ ಹೊಸ ಕಾನೂನು ರೈತರನ್ನು ಹಿಂಡಿತು. 1837ರ ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಹೊರಟ ಸುಳ್ಯದ ದಂಡು ಏಪ್ರಿಲ್ ಮೊದಲ ವಾರ ಮಂಗಳೂರನ್ನೇ ಹಿಡಿಯಿತು. ಜನ ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಯುವ ಈ ದಂಗೆಯನ್ನು ಅಡಗಿಸಿದ ಮೇಲೆ ಕಂಪೆನಿ ಇಲ್ಲಿನ ಮಲೆ, ಬೀಡು, ಗುತ್ತುಗಳನ್ನು ಹೆಚ್ಚು ಎಚ್ಚರದಿಂದ ನೋಡತೊಡಗಿತು. ಆಳುವವರಿಗೂ ಮತಪ್ರಚಾರಕರಿಗೂ ಈ ಜನರ ನಂಬಿಕೆ ಏನು, ಯಾರಿಗೆ ಕೈಮುಗಿಯುತ್ತಾರೆ ಎಂಬುದು ತಿಳಿಯಬೇಕಿತ್ತು. ಪಾಡ್ದನ ಕಾಗದಕ್ಕೆ ಇಳಿದದ್ದು ಈ ಬೇಕುಗಳ ನಡುವೆ.

ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯ ಈ ಚರಿತ್ರೆಯ ನಟ್ಟನಡುವೆ ನಿಂತಿದೆ. ಕಲ್ಲಚ್ಚಿನಿಂದ ತೊಡಗಿದ ಆ ಅಚ್ಚುಕೂಟ 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವನ್ನು ಹೊರತಂದಿತು, 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನು ಕೊಟ್ಟಿತು, 1872ರಲ್ಲಿ ಬ್ರಿಗೆಲ್ಲರ ತುಳು ವ್ಯಾಕರಣವನ್ನು ಮುದ್ರಿಸಿತು. ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ರೂಢಿ ಗಟ್ಟಿಯಾದದ್ದು ಇಲ್ಲಿಂದ. ಪಾಡ್ದನವನ್ನು ಬರೆದುಕೊಳ್ಳಲು ಕುಳಿತವನ ಮುಂದೆ ಅಕ್ಷರವೂ ಕಾಗುಣಿತವೂ ಸಿದ್ಧವಾಗಿದ್ದುದು ಈ ಕೆಲಸದ ಫಲ.

ಆ ಮುದ್ರಣಾಲಯದ ಬಾಗಿಲಿಗೆ ಬಂದವರಲ್ಲಿ ಆರ್ಥರ್ ಕೋಕ್ ಬರ್ನೆಲ್ ಒಬ್ಬರು. 1840ರಲ್ಲಿ ಹುಟ್ಟಿದ ಇವರು ಮದ್ರಾಸು ಸಿವಿಲ್ ಸರ್ವಿಸಿನ ನ್ಯಾಯಾಧೀಶರು; ಮಂಗಳೂರಿನಲ್ಲೂ ಆಮೇಲೆ ತಂಜಾವೂರಿನಲ್ಲೂ ಕೆಲಸ ಮಾಡಿದರು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಇವರ ಪ್ರಸಿದ್ಧ ಗ್ರಂಥ 1874ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ತಂಜಾವೂರು ಅರಮನೆಯ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸಿದವರೂ ಇವರೇ. ‘ಹಾಬ್ಸನ್-ಜಾಬ್ಸನ್’ ನಿಘಂಟಿನ ಇಬ್ಬರು ಕರ್ತೃಗಳಲ್ಲಿ ಒಬ್ಬರು, ಆದರೆ ಅದು 1886ರಲ್ಲಿ ಹೊರಬರುವಾಗ ಬದುಕಿರಲಿಲ್ಲ. 1882ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೂಡಿಟ್ಟ ಸಂಸ್ಕೃತ ಹಸ್ತಪ್ರತಿಗಳು ಇಂಡಿಯಾ ಆಫೀಸಿನ ಗ್ರಂಥಾಲಯಕ್ಕೆ ಸೇರಿದವು.

ತುಳುನಾಡಿನ ದೈವಗಳ ಕುರಿತು ಅವರು ಸಂಗ್ರಹಿಸಿದ್ದ ಕಾಗದಗಳ ಹಣೆಬರಹ ಬೇರೆಯಾಗಿತ್ತು. ಅವು ರಿಚರ್ಡ್ ಕಾರ್ನಾಕ್ ಟೆಂಪಲ್ಲರ ಕೈಸೇರಿದವು. ಪಂಜಾಬಿನ ಜನಪದ ಕಥನಗಳನ್ನು ಸಂಪುಟಗಟ್ಟಲೆ ಪ್ರಕಟಿಸಿದ್ದ ಸೈನ್ಯಾಧಿಕಾರಿ ಇವರು. ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ ಸಂಪಾದಕರೂ ಆಗಿದ್ದರು. 1894ರಿಂದ 1897ರ ತನಕ ಬರ್ನೆಲ್ಲರ ಕಾಗದಗಳನ್ನು ಆ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚುಹಾಕಿದರು. ಆ ವರ್ಷಗಳಲ್ಲಿ ಟೆಂಪಲ್ಲರ ಉದ್ಯೋಗ ಅಂಡಮಾನಿನ ಮುಖ್ಯ ಕಮಿಶನರದ್ದು. ಎಣ್ಮೂರಿನ ಗರಡಿಯ ಕಥೆಯ ಕರಡಚ್ಚನ್ನು ಕಡಲಾಚೆಯ ದ್ವೀಪದ ಅಧಿಕಾರಿಯೊಬ್ಬರು ನೋಡುವ ಕಾಲವೊಂದು ಹೀಗೆ ಬಂದು ಹೋಗಿದೆ.

ಆ ಪುಟಗಳನ್ನು ಬಿಡಿಸಿದರೆ ಟೆಂಪಲ್ಲರ ಶಿಸ್ತು ಕಾಣುತ್ತದೆ. ಕನ್ನಡ ಅಕ್ಷರದಲ್ಲಿರುವ ತುಳು ಮೂಲ ಹಸ್ತಪ್ರತಿಯ ಎಷ್ಟನೆಯ ಹಾಳೆಯಲ್ಲಿದೆ, ಅನುವಾದ ಎಷ್ಟನೆಯ ಹಾಳೆಯಲ್ಲಿದೆ ಎಂದು ಪ್ರತಿ ಪಾಡ್ದನದ ತಲೆಯಲ್ಲಿ ಗುರುತು ಹಾಕಿದ್ದಾರೆ. ತುಳುವನ್ನು ರೋಮನ್ ಅಕ್ಷರಕ್ಕೆ ತಿರುಗಿಸಿ, ಜೊತೆಗೆ ಇಂಗ್ಲಿಷ್ ಅನುವಾದ ಕೊಟ್ಟಿದ್ದಾರೆ. ಅನುವಾದದ ದುಡಿಮೆಯಲ್ಲಿ ಮಂಗಳೂರಿನ ಮಿಶನರಿ ಆಗಸ್ಟ್ ಮೆನ್ನರರ ಪಾಲು ದೊಡ್ಡದು. ಕೋಟಿ ಚೆನ್ನಯರ ಕಥೆ ಈ ಸರಣಿಯ ಬಹುಮುಖ್ಯ ಭಾಗ. ನಮ್ಮವರು ಅದನ್ನು ಓದುವಾಗ ಒಂದು ಎಚ್ಚರ ಬೇಕು: ಪಡುಮಲೆ ಅಲ್ಲಿ ಪರಿಮಾಲೆಯಾಗಿದೆ, ಎಣ್ಮೂರು ಎಡಂಬೂರಾಗಿದೆ. ಊರಿನ ಹೆಸರನ್ನು ಇಂದಿನ ರೂಪದಲ್ಲಿ ಹುಡುಕಿದವರು ತಮ್ಮೂರಿನ ಕಥೆ ಅಲ್ಲಿಲ್ಲವೆಂದು ಪುಸ್ತಕ ಮುಚ್ಚುವ ಸಂಭವ ಇದೆ.

ಮೆನ್ನರರ ಬಗ್ಗೆ ಇನ್ನೂ ಹೇಳಬೇಕು. ತುಳು-ಇಂಗ್ಲಿಷ್ ನಿಘಂಟನ್ನು ಅವರು 1886ರಲ್ಲಿ ಹೊರತಂದರು, ಇಂಗ್ಲಿಷ್-ತುಳು ನಿಘಂಟನ್ನು 1888ರಲ್ಲಿ. ಮೊದಲ ನಿಘಂಟು ಬಂದ ವರ್ಷವೇ ಪಾಡ್ದನಗಳ ಸಂಕಲನವೊಂದನ್ನೂ ಅದೇ ಮುದ್ರಣಾಲಯದಿಂದ, ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಶಬ್ದ ಹುಡುಕುತ್ತ ಹೊರಟ ನಿಘಂಟುಕಾರನಿಗೆ ಪಾಡ್ದನಕ್ಕಿಂತ ದೊಡ್ಡ ಕಣಜ ಸಿಗುವಂತಿರಲಿಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ ಕೇಳಿಸದ ಎಷ್ಟೋ ಮಾತು ನೇಮದ ಅಂಗಳದಲ್ಲಿ, ಗದ್ದೆಯ ಹುಣಿಯ ಮೇಲೆ ಜೀವಂತವಾಗಿತ್ತು.

ಈ ಸಂಗ್ರಹಕಾರರ ದೃಷ್ಟಿಯ ಬಗ್ಗೆ ತಕರಾರು ತೆಗೆಯಲು ಕಾರಣಗಳಿವೆ. ದೈವಾರಾಧನೆಯನ್ನು ಅವರು ಬಿಡಿಸಬೇಕಾದ ಮೂಢನಂಬಿಕೆ ಎಂದು ಬಗೆದರು. ಪ್ರಕಟಣೆಯ ಶೀರ್ಷಿಕೆಯೇ ದೈವವನ್ನು ದೆವ್ವವಾಗಿಸಿತು. ಪಾಡ್ದನವನ್ನು ಕಾವ್ಯವಾಗಿ ಕೇಳುವ ಕಿವಿ ಅವರಿಗೆ ಎಷ್ಟಿತ್ತೋ ಹೇಳುವುದು ಕಷ್ಟ. ಆದರೂ 130 ವರ್ಷಕ್ಕೂ ಹಿಂದಿನ ಒಂದು ದಿನ ತುಳುವಿನಲ್ಲಿ ಹೀಗೆ ಹೇಳಿದರು ಎಂಬುದಕ್ಕೆ ಇಂದು ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಉಳಿದಿದ್ದರೆ ಅದು ಅವರ ಹಾಳೆಗಳಿಂದ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು: ಅವರು ಬರೆದುಕೊಂಡದ್ದು ಹಾಡನ್ನೋ, ಹಾಡಿನ ಸಾರವನ್ನೋ?

ಉತ್ತರ ಸಿಕ್ಕಿದ್ದು ಇನ್ನೊಂದು ಪಾಡ್ದನದಿಂದ, ನೂರು ವರ್ಷ ಕಳೆದ ಮೇಲೆ. ಫಿನ್‌ಲೆಂಡಿನ ಲೌರಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಸೇರಿ ಉಜಿರೆಯ ಬಳಿಯ ಮಾಚಾರು ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪುಸ್ತಕವಾದ ಆ ಹಾಡಿನ ಉದ್ದ 15,683 ಸಾಲು. ಅದೇ ಗೋಪಾಲ ನಾಯ್ಕರು ಕೆಲವು ವರ್ಷ ಮೊದಲು ಅದೇ ಕಥೆಯನ್ನು ಹೇಳಿ ಬರೆಸಿದ್ದರು. ಆ ಪಾಠ ಸಾಲುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಹಾಡುಗಾರ ಒಬ್ಬನೇ, ಕಥೆ ಒಂದೇ, ಆದರೂ ಇಷ್ಟು ಅಂತರ.

ಕಾರಣ ತಿಳಿಯಲು ದೊಡ್ಡ ಸಿದ್ಧಾಂತ ಬೇಡ. ಬರೆಸುವವರು ಬರೆಯುವವನ ಕೈ ನೋಡುತ್ತ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ರಾಗ ಬಿಟ್ಟುಹೋಗುತ್ತದೆ. ರಾಗದ ಜೊತೆಗೆ ಮತ್ತೆ ಮತ್ತೆ ಬರುವ ಪಲ್ಲವಿ ಹೋಗುತ್ತದೆ, ಎತ್ತಿಕೊಳ್ಳುವವರ ದನಿ ಹೋಗುತ್ತದೆ. ಸೀರೆ ಉಡುವ, ವೀಳ್ಯ ಮಡಚುವ, ಗದ್ದೆಗಿಳಿಯುವ ವಿವರಗಳನ್ನು ಹಾಡುವಾಗ ಸಾಲಿನ ಮೇಲೆ ಸಾಲು ಬೆಳೆಸುವವರು ಹೇಳುವಾಗ ಒಂದೇ ಮಾತಿನಲ್ಲಿ ದಾಟುತ್ತಾರೆ. ಸಂಗ್ರಹಕಾರನಿಗೆ ‘ಮುಂದೇನಾಯಿತು’ ಎಂಬುದು ಮುಖ್ಯ ಎಂದು ಗೊತ್ತಾದ ಮೇಲೆ ಅದನ್ನಷ್ಟೇ ಕೊಡುತ್ತಾರೆ. ಬರ್ನೆಲ್-ಮೆನ್ನರ್ ಪಾಠಗಳಲ್ಲಿ ಕಥೆ ಓಡುವ ವೇಗವನ್ನು, ಗದ್ಯಕ್ಕೆ ಹತ್ತಿರವಾದ ಅವುಗಳ ನಡಿಗೆಯನ್ನು ಈ ಬೆಳಕಿನಲ್ಲಿ ಓದಬೇಕು. ಅವು ಹಾಡಿನ ಎಲುಬುಗೂಡು. ರಕ್ತಮಾಂಸ ಪಂಬದರಲ್ಲೂ ನೇಜಿಯ ಹೆಂಗಸರಲ್ಲೂ ಉಳಿಯಿತು. ಹಳೆಯದೆಂಬ ಒಂದೇ ಕಾರಣಕ್ಕೆ ಹಸ್ತಪ್ರತಿಯನ್ನು ಶುದ್ಧ ಪಾಠವೆಂದೂ ಇಂದಿನ ಹಾಡನ್ನು ಕೆಟ್ಟುಹೋದ ಪಾಠವೆಂದೂ ತೀರ್ಮಾನಿಸುವುದು ಈ ಕಾವ್ಯಕ್ಕೆ ಮಾಡುವ ಅನ್ಯಾಯ. ದೇಯಿಯ ಹುಟ್ಟಿನ ಭಾಗವೊಂದನ್ನೇ ತೆಗೆದುಕೊಂಡರೂ ಪಾಠದಿಂದ ಪಾಠಕ್ಕೆ ಕಥೆ ಬೇರೆಯಾಗುತ್ತದೆ; ಯಾವ ಒಂದು ಹಾಳೆಯೂ ಆ ಚರ್ಚೆಗೆ ಕೊನೆಯ ತೀರ್ಪು ಕೊಡಲಾರದು.

ತಾಳೆಗರಿಯ ಲೋಕದ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಬರೆಯುವವನೇ ಓದುವವನು, ಹಲವು ಸಲ ಹಾಡುವವನೂ ಅವನೇ. ಪನೋಲಿ ಮರದ ಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಕೊರೆದು, ಮಸಿ ತುಂಬಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿಟ್ಟ ಕಟ್ಟಿಗೆ ಹುಳದ ಕಾಟ ಕಡಿಮೆ. ಆದರೆ ಆಟಿಯ ಮಳೆಯ ತೇವ, ಗೆದ್ದಲು, ಮನೆ ಪಾಲಾಗುವಾಗ ಓದಲು ಬಾರದ ಕಟ್ಟನ್ನು ಹೊಳೆಗೆ ಬಿಡುವ ಪದ್ಧತಿ, ಇವುಗಳಿಂದ ಹೋದದ್ದಕ್ಕೆ ಲೆಕ್ಕವಿಲ್ಲ. ಹಂಚಿನ ಮನೆಗೆ ತಾರಸಿ ಬಂದು, ಕಟ್ಟಿಗೆಯ ಒಲೆ ಆರಿದ ಮೇಲೆ ಅಟ್ಟದ ಆ ಹೊಗೆಯ ಕಾವಲೂ ಇಲ್ಲವಾಯಿತು.

ಉಳಿದ ಪ್ರತಿಗಳ ಕಾಲ ಹೇಳುವುದೂ ಸುಲಭದ ಮಾತಲ್ಲ. ನಕಲುಗಾರರು ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ ಬರೆಯುತ್ತಾರೆ. ಶಕವರ್ಷ ಬರೆಯದೆ ಬಿಟ್ಟರೆ 60 ವರ್ಷದ ಗೊಂದಲ. ಹೇವಿಳಂಬಿ ಸಂವತ್ಸರ ಎಂದಷ್ಟೇ ಇದ್ದರೆ ಅದು ಸುಳ್ಯದ ದಂಗೆಯ 1837 ಆಗಬಹುದು, ಇಂಡಿಯನ್ ಆಂಟಿಕ್ವರಿಯಲ್ಲಿ ಬರ್ನೆಲ್ ಕಾಗದಗಳು ಮುಗಿಯುತ್ತ ಬಂದ 1897 ಕೂಡ ಆಗಬಹುದು. ಅಕ್ಷರದ ತಿರುವು, ಗರಿಯ ಹಳತು, ನಕಲುಗಾರನ ಮನೆಯ ಹೆಸರು ಇವನ್ನೆಲ್ಲ ಕೂಡಿಸಿ ನೋಡಬೇಕಾಗುತ್ತದೆ.

ಹಳೆಯ ಪ್ರತಿ ಎಂಬ ಮಾತಿಗೆ ಆ ಕಾಲದಲ್ಲಿ ಎಷ್ಟು ತೂಕವಿತ್ತು ಎನ್ನುವುದಕ್ಕೆ ನಂದಳಿಕೆಯ ಲಕ್ಷ್ಮೀನಾರಣಪ್ಪನವರೇ ಸಾಕ್ಷಿ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಈ ಕವಿ, ನಮ್ಮೆಲ್ಲರ ಮುದ್ದಣ, ಸ್ವಂತ ಕೃತಿಗಳನ್ನು ಹಳಬರ ಕಾವ್ಯವೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಕೈಬರಹದ ಕಟ್ಟಿಗೆ ಸಿಗುವ ಗೌರವ ಬದುಕಿರುವ ಬಡ ಮೇಷ್ಟರಿಗೆ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ಇತ್ತ ಬಾಯಾರಿನ ಸಂಕಯ್ಯ ಭಾಗವತರು 1887ರಲ್ಲಿ ಪಂಚವಟಿಯ ಕಥೆಯನ್ನು ತುಳು ಯಕ್ಷಗಾನವಾಗಿ ತಮ್ಮ ಹೆಸರಿನಲ್ಲೇ ಪ್ರಕಟಿಸಿದ್ದರು. ಮೆನ್ನರರ ಸಂಕಲನ ಬಂದ ಮರುವರ್ಷ ಅದು.

ಪುತ್ತೂರಿನಲ್ಲಿ ಹಸ್ತಪ್ರತಿಗಳ ಹುಡುಕಾಟಕ್ಕೆ ದೊಡ್ಡ ಚಾಲನೆ ಸಿಕ್ಕಿದ್ದು ಶಿವರಾಮ ಕಾರಂತರಿಂದ. ಬಾಲವನದಲ್ಲಿ ನೆಲೆಸಿದ್ದಾಗಲೇ ಅವರು ಯಕ್ಷಗಾನ ಪ್ರಸಂಗಗಳ ಹಳೆಯ ಪ್ರತಿಗಳನ್ನು ಅರಸಿ ಜಿಲ್ಲೆಯುದ್ದ ತಿರುಗಿದರು. ಅದರ ಫಲವಾಗಿ ಬಂದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ರಾಮಾಯಣದ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವಲ್ಲ ಎಂಬ ಕಾರಂತರ ವಾದ ಪಂಡಿತರನ್ನು ಕೆರಳಿಸಿತು. ಅದಕ್ಕೂ ಮೊದಲು ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದಿದ್ದರು. ಆಮೇಲೆ ಕುಕ್ಕಿಲ ಕೃಷ್ಣ ಭಟ್ಟರು ಪ್ರತಿಗಳನ್ನು ಹೋಲಿಸಿ ಆ ಪ್ರಸಂಗಗಳನ್ನು ಸಂಪಾದಿಸಿ ಕಾರಂತರಿಗೆ ಉತ್ತರ ಕೊಟ್ಟರು. ವಾದದಲ್ಲಿ ಗೆದ್ದವರು ಯಾರೆಂಬುದಕ್ಕಿಂತ ಮುಖ್ಯವಾದದ್ದು, ಆ ನೆಪದಲ್ಲಿ ಅಟ್ಟದ ಕಟ್ಟುಗಳು ಕೆಳಗಿಳಿದದ್ದು.

ಪಾಡ್ದನದ ಕಡೆಗೆ ಈ ಊರಿನ ಕಾಲೇಜುಗಳು ತಿರುಗಿದ್ದು ಸ್ವಲ್ಪ ತಡವಾಗಿ, ಆದರೆ ಗಟ್ಟಿಯಾಗಿ. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅಮೃತ ಸೋಮೇಶ್ವರರು ಪಾಡ್ದನದ ಕಥೆಗಳನ್ನು ಕನ್ನಡಕ್ಕೆ ತಂದರು. ಪುಣಚದವರಾದ ವಿವೇಕ ರೈಯವರ ‘ತುಳು ಜನಪದ ಸಾಹಿತ್ಯ’ 1985ರಲ್ಲಿ ಬಂದ ಮೇಲೆ ಈ ಕ್ಷೇತ್ರಕ್ಕೆ ಒಂದು ಚೌಕಟ್ಟು ಸಿಕ್ಕಿತು. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ಕಟ್ಟಿದ ನೆಹರೂ ಮೆಮೋರಿಯಲ್ ಕಾಲೇಜಿನಲ್ಲಿ ಪಾಠ ಮಾಡಿದ, ಪಂಜದ ಪಕ್ಕದ ಕೂತ್ಕುಂಜದ ಪುರುಷೋತ್ತಮ ಬಿಳಿಮಲೆಯವರು ಸುಳ್ಯ ಪರಿಸರದ ಗೌಡ ಸಮುದಾಯವನ್ನು ಕುರಿತು ಸಂಶೋಧನೆ ನಡೆಸಿದರು. ವಾಮನ ನಂದಾವರರು ಕೋಟಿ ಚೆನ್ನಯರ ಕುರಿತೇ ಪಿಎಚ್‌.ಡಿ. ಮಾಡಿದರೆ, ದಾಮೋದರ ಕಲ್ಮಾಡಿಯವರು ಹಾಡುವವರ ಬಾಯಿಂದ ಈ ಪಾಡ್ದನವನ್ನು ಸಂಪುಟಕ್ಕೆ ಇಳಿಸಿದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಬಂದ ಆರು ಸಂಪುಟಗಳ ತುಳು ನಿಘಂಟು ಮೆನ್ನರರ ಕೆಲಸವನ್ನು ಎಷ್ಟೋ ಮುಂದಕ್ಕೆ ಒಯ್ದಿತು. ಪಂಜೆ ಮಂಗೇಶರಾಯರು ಬಹಳ ಹಿಂದೆಯೇ ಕನ್ನಡ ಮಕ್ಕಳಿಗೆ ಈ ಅವಳಿ ವೀರರ ಕಥೆ ಹೇಳಿದ್ದರೆಂಬುದನ್ನು ಇಲ್ಲಿ ಮರೆಯಬಾರದು.

ತುಳು ಲಿಪಿಯ ಗರಿಗಳದ್ದು ಪ್ರತ್ಯೇಕ ಅಧ್ಯಾಯ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ವಿಷ್ಣುತುಂಗನ ತುಳು ಭಾಗವತವನ್ನೂ ಅರುಣಾಬ್ಜನ ಮಹಾಭಾರತವನ್ನೂ ಬೆಳಕಿಗೆ ತಂದು ತುಳುವಿಗೆ ಬರೆದ ಕಾವ್ಯದ ಪರಂಪರೆ ಇಲ್ಲವೆಂಬ ಮಾತನ್ನು ಸುಳ್ಳುಮಾಡಿದರು. ಆ ಲಿಪಿಗೆ 2024ರಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ಜಾಗ ಸಿಕ್ಕಿದೆ. ಆ ಗರಿಗಳ ಪಾಠವನ್ನು ಮೂಲ ಲಿಪಿಯಲ್ಲೇ ಕಂಪ್ಯೂಟರಿನಲ್ಲಿ ಬರೆದಿಡಲು ಇದರಿಂದ ದಾರಿಯಾಗಿದೆ.

ಪಡುಮಲೆಯ ಸೀಮೆಯಲ್ಲೂ ಚಟುವಟಿಕೆ ಹೆಚ್ಚಿದೆ. ಬಡಗನ್ನೂರಿನ ಗೆಜ್ಜೆಗಿರಿ ನಂದನ ಬಿತ್ತಿಲಿನಲ್ಲಿ 2020ರಲ್ಲಿ ಬ್ರಹ್ಮಕಲಶ ನಡೆಯಿತು. ದೇಯಿ ಬೈದೆತಿಯ ಹೆಸರಿನಲ್ಲಿ ಅರಣ್ಯ ಇಲಾಖೆಯ ಔಷಧಿ ವನವಿದೆ. ಎಣ್ಮೂರಿನ ಗರಡಿಯಲ್ಲಿ ನೇಮ ನಡೆಯುತ್ತ ಬಂದಿದೆ. ಭಕ್ತಿಗೆ ಕೊರತೆ ಇಲ್ಲ. ಇಲ್ಲದಿರುವುದು ಬರ್ನೆಲ್ಲರ ಪಾಠ, ಮೆನ್ನರರ ಪಾಠ, ಇಂದು ಪಡುಮಲೆಯಿಂದ ಎಣ್ಮೂರಿನ ತನಕ ಹಾಡುವವರ ಪಾಠ ಮೂರನ್ನೂ ಕನ್ನಡ ಅಕ್ಷರದಲ್ಲಿ ಎದುರುಬದುರಾಗಿಟ್ಟು ಓದಲು ಅನುಕೂಲವಿರುವ ಒಂದು ಕೋಣೆ, ಈ ಮೂರು ತಾಲೂಕಿನೊಳಗೆ. ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಪುಟಗಳು ಈಗ ಅಂತರಜಾಲದಲ್ಲಿ ಸಿಗುತ್ತವೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಪುತ್ತೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರದಲ್ಲಿದೆ. ಕಾಲೇಜೊಂದರ ಕನ್ನಡ ವಿಭಾಗ ಮನಸ್ಸು ಮಾಡಿದರೆ ರೋಮನ್ ಅಕ್ಷರದ ಆ ತುಳುವನ್ನು ಮರಳಿ ಕನ್ನಡ ಲಿಪಿಗೆ ತರುವುದು ಒಂದೆರಡು ವರ್ಷದ ಕೆಲಸ. ಜೊತೆಗೆ ಹಾಡುಗಳನ್ನು ಹೊಸದಾಗಿ ದಾಖಲಿಸುವಾಗ ಹಾಡಿದವರ ಹೆಸರು, ಊರು, ಕಲಿಸಿದವರ ಹೆಸರು, ಹಾಡಿದ್ದು ಗದ್ದೆಯಲ್ಲೋ ಗರಡಿಯಲ್ಲೋ ಮೈಕಿನ ಮುಂದೋ ಎಂಬ ವಿವರ ಚೀಟಿಯ ಮೊದಲ ಸಾಲುಗಳಲ್ಲೇ ಬರಬೇಕು. ನೇಜಿ ನೆಡುವ ಯಂತ್ರ ಬಂದಿದೆ, ಭತ್ತದ ಗದ್ದೆಗಳು ಅಡಿಕೆ ತೋಟವಾಗಿವೆ. ಗದ್ದೆಯಲ್ಲಿ ನಿಂತು ಈ ಪಾಡ್ದನವನ್ನು ಎತ್ತಿ ಹೇಳಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಈಗ ವಯಸ್ಸಾಗಿದೆ. ಈ ದಾಖಲೆಯ ಕೆಲಸ ಮೊದಲು ಅವರ ಮನೆಗಳಿಂದ ಶುರುವಾಗಬೇಕು.